ಎಡಗಡೆಯ ಕೊನೆಯ ಹಲಗೆ

ಆಂಗ್ ಥೊಂಗ್
ಫೆಬ್ರವರಿ 14, ಬುದ್ಧಶಕ 2568

ಅಂಗಡಿಯ ಮುಂದೆ ನೆರೆದ ಮಹಾಜನರೇ, ಬೆಂಚಿನ ಮೇಲೆ ಕುಳಿತವರೇ, ಬೆಂಚು ಸಿಗದೆ ಸೈಕಲ್ಲಿಗೆ ಒರಗಿ ನಿಂತವರೇ, ಬಟ್ಟಲಿನ ತಳದಲ್ಲುಳಿದ ಕೋಳಿಸಾರನ್ನು ಸೊರ್ರೆಂದು ಹೀರುತ್ತಿರುವವರೇ, ಒಂದು ಗಳಿಗೆ ಸುಮ್ಮನಿರಿ. ಪರದೆ ಸರಿಯುತ್ತಿದೆ. ಬರುತ್ತಿರುವವನು ಚಮ್ರತ್, ಹಾಡಿ ಕುಣಿದು ನಗಿಸುವ ನಮ್ಮ ಥಾಯ್ ಬಯಲಾಟ ಲಿಕೇಯ ಮೇಳದ ಯಜಮಾನ, ಒಂದು ಕಾಲದಲ್ಲಿ ರಾಜನ ಪಾರ್ಟು ಮಾಡಿ ಈಗ ರಾಜನ ಅಪ್ಪನ ಪಾರ್ಟಿಗೆ ಇಳಿದವನು, ನಿಮಗೆ ಸಾರು ಬಡಿಸುವ ಮಾಲಾಯ್‌ಳ ಒಡಹುಟ್ಟಿದ ಅಣ್ಣ.

ಮಾಲಾಯ್, ನೀನು ನನ್ನ ಪತ್ರಗಳನ್ನು ಗಟ್ಟಿಯಾಗಿ ಓದುತ್ತೀಯೆಂದು ನಿನ್ನ ಮಗಳು ಫೈಲಿನ್ ಹೇಳಿದಳು. ಕಿವಿ ಮಂದವಾದ ಮೇಲೆ ನಿನ್ನ ದನಿಯ ಅಳತೆ ನಿನಗೇ ಸಿಗುತ್ತಿಲ್ಲವಂತೆ. ನೀನು ಮೆಲ್ಲಗೆ ಓದಿಕೊಂಡದ್ದು ಮೆಕಾಂಗ್ ನದಿ ದಾಟಿ ಲಾವೋಸಿನವರಿಗೆ ಕೇಳಿಸುತ್ತದಂತೆ. ಇರಲಿ. ಫೋನಿನಲ್ಲಿ ನಾನು ಕೂಗುವುದು, ನೀನು "ಆಂ? ಆಂ?" ಅನ್ನುವುದು ಸಾಕಾಯಿತು. ಪತ್ರವೇ ವಾಸಿ.

ನೀನು ಕೇಳಿದ್ದು ಒಂದೇ ಮಾತು. ಈ ಸಲದ ಗುರುವಂದನೆಯ ದಿನ ಮುದಿ ಋಷಿಯ ಮುಖವಾಡವನ್ನು ಫೈಲಿನ್‌ಳ ತಲೆಗೆ ನಾನು ಇಳಿಸಬೇಕು. ಇಳಿಸಿದರೆ ಅವಳು ನಮ್ಮ ಗುರುಗಳ ಸಾಲಿಗೆ ಸೇರುತ್ತಾಳೆ, ಅಪ್ಪನ ರನಾತ್ ಮುಟ್ಟುವ ಹಕ್ಕು ಬರುತ್ತದೆ. ಯಾರೂ ಬಾರಿಸದೆ, ವರ್ಷಕ್ಕೊಮ್ಮೆ ಹೂಮಾಲೆ ಹಾಕಿಸಿಕೊಂಡು, ನೀರಿಲ್ಲದ ಕಡೆ ನಿಂತ ದೋಣಿಯ ಹಾಗೆ ಪೀಠದ ಮೇಲೆ ಕುಳಿತಿರುವ ಆ ವಾದ್ಯ.

ಒಲ್ಲೆ.

ಪೂರ್ವಕಥೆ ಗೊತ್ತಿಲ್ಲದ ಮಹಾಜನರು ಕೇಳಿ. ನಮ್ಮಪ್ಪ ರನಾತ್ ಬಾರಿಸುತ್ತಿದ್ದ. ಆ ಮರದ ಹಲಗೆಗಳ ಸಾಲಿನ ಮೇಲೆ ಅವನ ಕೋಲು ಓಡಿದರೆ ಕೆರೆಯ ಮೀನು ತಿರುಗಿ ನೋಡುತ್ತಿತ್ತು. ಪ್ರತಿ ಹಲಗೆಯ ಅಡಿಗೆ ಸೀಸದ ಪುಡಿ ಕಲಸಿದ ಜೇನುಮೇಣದ ಕಪ್ಪು ಮುದ್ದೆ ಅಂಟಿಸಿ ಶ್ರುತಿ ಕೂಡಿಸಬೇಕು. ಬಿಸಿಲಿಗೆ ಅದು ಉದುರುತ್ತದೆ, ಮತ್ತೆ ಅಂಟಿಸಬೇಕು. ಅದಕ್ಕೆಂದೇ ಅಪ್ಪನ ಬಳಿ ಒಂದು ಡಬ್ಬಿಯಿತ್ತು. ಒಂದು ಸಂಜೆ ಆಟಕ್ಕೆ ಮೊದಲು ಪೊಲೀಸರು ನಮ್ಮ ಲಾರಿ ಜಾಲಾಡಿದರು. ಅಪ್ಪನ ಚೀಲದಲ್ಲಿ ಸಿಕ್ಕಿದ್ದು ಸೇದುವ ಬಿದಿರ ಕೊಳವೆ ಮತ್ತು ಚಿಟಿಕೆ ಗಾಂಜಾ ಸೊಪ್ಪು. ಆಮೇಲೆ ಡಬ್ಬಿ ತೆರೆದರು. ಒಳಗೆ ಕಪ್ಪು ಮುದ್ದೆಗಳು. ಗಾಂಜಾದ ಅಂಟನ್ನು ಉಂಡೆ ಕಟ್ಟಿದ್ದಾನೆ, ಇವನು ಸೇದುವವನಲ್ಲ, ಮಾರುವವನು ಎಂದರು. ಅದು ಬರೀ ಮೇಣವೆಂದು ಮೇಲಿನವರಿಗೆ ತಿಳಿಯುವ ಹೊತ್ತಿಗೆ ಅಪ್ಪ ಎರಡು ಮಳೆಗಾಲ ಒಳಗೇ ಕಳೆದಿದ್ದ. ಹೊರಬಂದವನು ಮತ್ತೆ ಮೇಣ ಮುಟ್ಟಲಿಲ್ಲ. ರನಾತಿನ ಎಡಗಡೆಯ ಕೊನೆಯ ಹಲಗೆಯ ಮುದ್ದೆ ಆ ಬೇಸಿಗೆಯಲ್ಲೇ ಉದುರಿತು. ಇಂದಿಗೂ ಬೋಳಾಗಿಯೇ ಇದೆ.

ಆ ಚಿಟಿಕೆ ಸೊಪ್ಪು ಇರದಿದ್ದರೆ ಡಬ್ಬಿಯನ್ನು ಯಾರು ತೆರೆಯುತ್ತಿದ್ದರು, ಹೇಳಿ. ಮೂರು ವರ್ಷದ ಹಿಂದೆ ಸರ್ಕಾರ ಗಾಂಜಾದ ಕೈಕೋಳ ಬಿಚ್ಚಿತು. ಅಂದಿನಿಂದ ನನ್ನ ಸೋದರಸೊಸೆ ಅದನ್ನು ಗಾಜಿನ ಭರಣಿಗಳಲ್ಲಿ ತುಂಬಿ, ಬಾಗಿಲಿಗೆ ಹಸಿರು ದೀಪ ಹಾಕಿ ಮಾರುತ್ತಿದ್ದಾಳೆ. ತಾತನನ್ನು ತಿಂದ ಸೊಪ್ಪು ಮಾರುವವಳ ತಲೆಗೆ ತಾತ ಪೂಜಿಸಿದ ಮುಖವಾಡವೇ?

ಪರದೆ.

ನಿನ್ನ ಅಣ್ಣ,
ಚಮ್ರತ್

◆

ನಖೊನ್ ಫನೊಂ
ಮಾರ್ಚ್ 9, 2568

ಅಣ್ಣ,

ನಿನ್ನ ಹಾಗೆ ಪರದೆ ಸರಿಸಿಕೊಂಡು ಬರಲು ನನಗೆ ಬರದು. ನೇರವಾಗಿ ಬರೆಯುತ್ತೇನೆ.

ಪತ್ರ ಓದಿದೆ. ಓದಿ ಮುಗಿಸಿದಾಗ ಅಂಗಡಿಯಲ್ಲಿ ಯಾರೂ ಎದ್ದು ಹೋಗಿರಲಿಲ್ಲ. ಎದುರು ಸಾಲಿನಲ್ಲಿ ಮೀನು ಮಾರುವ ಕಿಂಪಾ ಸಾರಿನ ಬಟ್ಟಲು ಕೆಳಗಿಟ್ಟು, "ನಿಮ್ಮಣ್ಣ ಹೇಳೋದ್ರಲ್ಲಿ ತಪ್ಪೇನಿದೆ? ನನ್ನ ಮೊಮ್ಮಗ ಶಾಲೆಯಿಂದ ಬರೋ ದಾರೀಲೇ ಮೂರು ಹಸಿರು ದೀಪ. ನಾನು ಮೀನು ಮಾರೋಕೆ ನೊಣ ಓಡಿಸ್ತೀನಿ, ಅವರು ಏನು ಓಡಿಸ್ತಾರೆ?" ಅಂದಳು. ನನಗೆ ಪೂರ್ತಿ ಕೇಳಲಿಲ್ಲ, ಫೈಲಿನ್ ಕಿವಿಯ ಹತ್ತಿರ ಬಂದು ಹೇಳಿದಳು. ನಿವೃತ್ತ ಮೇಷ್ಟ್ರು ಸುಮ್ಮನಿರದೆ, "ಕಿಂಪಾ, ನೀನು ಈಗ ಕುಡಿದ ಸಾರಿನಲ್ಲಿ ಎರಡೆಲೆ ಅದೇ ಇತ್ತು ಕಣಮ್ಮ" ಅಂದರು. ಕಿಂಪಾ ಬಟ್ಟಲು ನೋಡಿದಳು. ನನ್ನನ್ನು ನೋಡಿದಳು. "ಅದು ಸಾರು. ಸಾರು ಬೇರೆ" ಅಂದು ಮತ್ತೆ ಹಾಕಿಸಿಕೊಂಡಳು.

ನಮ್ಮ ಅಜ್ಜಿಯ ಕಾಲದಿಂದಲೂ ಕೋಳಿಸಾರಿಗೆ ಆ ಎಲೆ ಬೀಳುತ್ತಿತ್ತು. ಬಾಣಂತಿಗೆ, ಊಟ ಸೇರದವರಿಗೆ, ನಿದ್ದೆ ಬಾರದವರಿಗೆ. ಅಪ್ಪ ಸೇದುತ್ತಿದ್ದದ್ದು ಆಟ ಮುಗಿದ ಮೇಲೆ, ಬೆರಳು ನೋವಿಗೆ, ಒಂದು ಸಲ. ಅದನ್ನು ನೀನೂ ಕಂಡಿದ್ದೀ. ಆ ಚಿಟಿಕೆ ಇರದಿದ್ದರೆ ಡಬ್ಬಿ ತೆರೆಯುತ್ತಿರಲಿಲ್ಲ ಎನ್ನುತ್ತೀಯ. ಚಿಟಿಕೆ ಸೊಪ್ಪಿಗೆ ಮನುಷ್ಯನನ್ನು ಹಿಡಿಯುವ ಕಾನೂನು ಇರದಿದ್ದರೆ ಮೇಣ ಮೇಣವಾಗಿಯೇ ಇರುತ್ತಿತ್ತು ಎನ್ನುತ್ತೇನೆ. ಒಂದೇ ಡಬ್ಬಿ. ನೀನು ಆ ಕಡೆಯಿಂದ ನೋಡುತ್ತೀ, ನಾನು ಈ ಕಡೆಯಿಂದ.

ಗುರುವಂದನೆಯಲ್ಲಿ ಪ್ರತಿ ಗುರುವಿಗೂ ಅವನು ಬದುಕಿದ್ದಾಗ ಇಷ್ಟಪಟ್ಟದ್ದನ್ನು ಇಡುತ್ತೇವೆ. ಬಣ್ಣ ಹಚ್ಚುತ್ತಿದ್ದ ಅಜ್ಜನಿಗೆ ಅಕ್ಕಿಯ ಹೆಂಡ, ನಾಟ್ಯ ಹೇಳಿಕೊಟ್ಟ ದೊಡ್ಡಮ್ಮನಿಗೆ ಎಲೆಯಡಿಕೆ. ಅಪ್ಪನ ಮುಂದೆ ಮಾತ್ರ ಬರೀ ನೀರು. ಅದನ್ನು ನೋಡಲಾರದೆಯೇ ನಾನು ಬರುವುದು ಬಿಟ್ಟೆ. ನಿನಗೆ ಗೊತ್ತಿಲ್ಲದ್ದೇನಲ್ಲ.

ಫೈಲಿನ್‌ಗೆ ಶ್ರುತಿ ಕೂಡಿಸುವುದನ್ನು ನಾನು ಕಲಿಸಿದೆ, ಅಪ್ಪ ನನಗೆ ಕಲಿಸಿದ ಹಾಗೆ. ನನ್ನ ಕಿವಿ ಹೋಗುವ ಮೊದಲು ಅದೊಂದು ಅವಳಿಗೆ ಇಳಿಯಿತು. ಇನ್ನು ಯಾರಿಗೂ ಇಳಿಯುವುದಿಲ್ಲ.

ಮಾಲಾಯ್

◆

ಆಂಗ್ ಥೊಂಗ್
ಮೇ 22, 2568

ಮಹಾಜನರೇ, ಕಿಂಪಾ ತಾಯಿಯೇ, ಮೇಷ್ಟ್ರೇ, ಎಲ್ಲರಿಗೂ ಕೈಮುಗಿದೆ. ಇಂದು ತೋರಿಸುವುದು ಹಾಸ್ಯದ ಸೀನು, ಆದರೆ ನಕ್ಕವರು ಆಮೇಲೆ ಯೋಚಿಸಬೇಕು.

ಹೋದ ವಾರ ಒಂದು ದೇವಾಲಯದ ಬಯಲಿನಲ್ಲಿ ನಮ್ಮ ಆಟ. ರಾಜಕುಮಾರಿಯನ್ನು ಯಕ್ಷ ಹೊತ್ತುಕೊಂಡು ಬಂದಿದ್ದಾನೆ. ರಾಜಕುಮಾರ ಕತ್ತಿ ಹಿರಿದು ಬರಬೇಕು. ಬರಲಿಲ್ಲ. ರಾಜಕುಮಾರಿ ಅತ್ತಳು, ಇನ್ನೊಂದು ಪದ ಹಾಡಿ ಅತ್ತಳು, ಕಣ್ಣೀರು ಮುಗಿದು ಯಕ್ಷನನ್ನೇ, "ನಿಮ್ಮ ಮನೇಲಿ ಅತ್ತೆ ಹೇಗೆ, ಒಳ್ಳೆಯೋರಾ?" ಎಂದು ಕೇಳಿದಳು. ಜನ ಬಿದ್ದು ಬಿದ್ದು ನಕ್ಕರು. ನಾನು ಪರದೆಯ ಹಿಂದೆ ಹೋಗಿ ನೋಡುತ್ತೇನೆ, ನಮ್ಮ ರಾಜಕುಮಾರ ಜಿಗಿಜಿಗಿ ಅಂಗಿ ತೊಟ್ಟು, ಕತ್ತಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, ದೀಪಕ್ಕೆ ಮುತ್ತುವ ಹುಳುಗಳನ್ನು ನೋಡುತ್ತ ಕುಳಿತಿದ್ದಾನೆ. "ಬಾರಪ್ಪ, ನಿನ್ನ ಹೆಂಡ್ತೀನ ಹೊತ್ಕೊಂಡು ಹೋಗವ್ನೆ" ಅಂದೆ. "ಯಜಮಾನ್ರೇ, ಅವರಿಬ್ಬರೂ ಚೆನ್ನಾಗಿದಾರಲ್ಲ, ಬಿಡಿ" ಅಂದ. ಕೊನೆಗೆ ಹಾಸ್ಯಗಾರ ಜುಕ್ ಹೋಗಿ ಪೊರಕೆಯಿಂದ ಯಕ್ಷನನ್ನು ಸಂಹರಿಸಿದ.

ಇದು ನಗುವ ಮಾತು, ಮಾಲಾಯ್. ಆದರೆ ನಲವತ್ತು ಜನರ ಅನ್ನ ಆ ಕತ್ತಿಯ ತುದಿಯಲ್ಲಿದೆ. ಅಪ್ಪ ಆಟ ಮುಗಿದ ಮೇಲೆ ಸೇದುತ್ತಿದ್ದ. ಇವರು ಆಟ ಮುಗಿಯುವವರೆಗೆ ಕಾಯುವುದೇ ಇಲ್ಲ. ಎಲೆ ಸಾರಿನಲ್ಲಿದ್ದಾಗ ಅದಕ್ಕೆ ಮನೆಯ ಹೆಂಗಸಿನ ಸೌಟು ಅಳತೆಯಾಗಿತ್ತು. ಅದೇ ಗಿಡದ ಹೂವು ಭರಣಿಗೆ ಬಂದ ಮೇಲೆ ಅಳತೆ ಯಾರದ್ದು?

ಈಗ ಮಧ್ಯಾಹ್ನ. ಮೇಳವೆಲ್ಲ ಲಾರಿಯ ಅಡಿಯ ನೆರಳಿನಲ್ಲಿ ಮಲಗಿದೆ. ಒಣಹಾಕಿದ ವೇಷದ ಬಟ್ಟೆಗಳ ನಡುವೆ ಬಿಸಿಲು ಕೆಂಪಾಗಿ, ಹಸಿರಾಗಿ ಬೀಳುತ್ತಿದೆ. ಇಂಥ ಹೊತ್ತಿನಲ್ಲಿ ನನಗೆ ಅಪ್ಪ ಕಾಣುತ್ತಾನೆ. ಇತ್ತೀಚೆಗೆ ಹೆಚ್ಚಾಗಿ. ರನಾತಿನ ಮುಂದೆ ಕುಳಿತು ಬಾರಿಸುತ್ತಾನೆ, ಕೋಲು ಏಳುತ್ತದೆ, ಇಳಿಯುತ್ತದೆ, ಸದ್ದಿಲ್ಲ. ನೀರಿನೊಳಗೆ ನೋಡಿದ ಹಾಗೆ. ಎಡಗಡೆಯ ಕೊನೆಯ ಹಲಗೆ ಬಂದಾಗ ನಿಲ್ಲಿಸಿ ತಲೆಯೆತ್ತಿ ನೋಡುತ್ತಾನೆ. ಏನೋ ಹೇಳುತ್ತಾನೆ. ಅಷ್ಟರಲ್ಲಿ ನಾಯಿಯೋ ಲಾರಿಯ ಹಾರನ್ನೋ ಎಬ್ಬಿಸಿಬಿಡುತ್ತದೆ. ಅವನು ಸೊಪ್ಪು ಕೇಳುತ್ತಿದ್ದಾನೆಂದು ನೀನು ಹೇಳುತ್ತೀ. ನನಗೆ ಗೊತ್ತು. ಅದಕ್ಕೇ ಪೂರ್ತಿ ಕೇಳಿಸಿಕೊಳ್ಳಲು ಭಯ.

ಫೈಲಿನ್ ಬೇಕಾದರೆ ಬರಲಿ. ತಾಳ ಹಾಕಲಿ, ಮೇಳದ ಅನ್ನ ಉಣ್ಣಲಿ. ಮುಖವಾಡ ಮಾತ್ರ ಕೇಳಬಾರದು.

ನಿನ್ನ ಅಣ್ಣ, ಮಲಗಿರುವ ಮೇಳದ ಕಾವಲುಗಾರ,
ಚಮ್ರತ್

◆

ನಖೊನ್ ಫನೊಂ
ಜುಲೈ 1, 2568

ಅಣ್ಣ,

ಸುದ್ದಿ ನಿನಗೂ ತಲುಪಿರುತ್ತದೆ. ತೆರೆದ ಬಾಗಿಲನ್ನು ಸರ್ಕಾರ ಮತ್ತೆ ಮುಕ್ಕಾಲು ಮುಚ್ಚಿತು. ಇನ್ನು ಗಾಂಜಾ ಹೂವು ಕೊಳ್ಳಲು ವೈದ್ಯರ ಚೀಟಿ ಬೇಕು. ಮೇಷ್ಟ್ರು, "ಮನಸ್ಸು ಬಂದಾಗ ತೆಗಿಯೋದು, ಮನಸ್ಸು ಬಂದಾಗ ಹಾಕೋದು, ಇದೇನು ಕಾನೂನೋ ಕೋಳಿಗೂಡಿನ ಬಾಗಿಲೋ" ಅಂದರು. ಕಿಂಪಾ ಖುಷಿಯಲ್ಲಿ ನನಗೊಂದು ಮೀನು ಕೊಟ್ಟಳು. ಕೊಟ್ಟಾದ ಮೇಲೆ ಫೈಲಿನ್‌ಳ ಮುಖ ನೋಡಿ ಇನ್ನೊಂದು ಕೊಟ್ಟಳು.

ಫೈಲಿನ್ ಅಳಲಿಲ್ಲ. ಹಸಿರು ದೀಪ ಬಿಚ್ಚಿ, ಭರಣಿಗಳನ್ನು ತೊಳೆದು ನಮ್ಮ ಜಗಲಿಯಲ್ಲಿ ಬೋರಲು ಹಾಕಿದಳು. ಅವುಗಳ ಮೇಲೆ ಮಳೆ ಬಿದ್ದಾಗ ಒಂದೊಂದೂ ಒಂದೊಂದು ಶ್ರುತಿಯಲ್ಲಿ ಮಿಡಿಯುತ್ತಿತ್ತಂತೆ. ಅವಳೇ ಹೇಳಿದ್ದು. ಅವನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸುತ್ತಿದ್ದಳು.

ನಾನು ಕೇಳಿದೆ, "ನಿಮ್ಮಾವ ಹೇಳೋದು ಸರಿ ಅನ್ಸುತ್ತಾ?" ಅಂತ. "ಅರ್ಧ ಸರಿ ಅಮ್ಮ. ಇಪ್ಪತ್ತು ತುಂಬದ ಹುಡುಗರನ್ನ ನಾನು ಬಾಗಿಲಿಂದಲೇ ಓಡಿಸ್ತಿದ್ದೆ. ಪಕ್ಕದ ಅಂಗಡಿಯವನು ಒಳಗೆ ಕರೀತಿದ್ದ. ಬೀದಿಯವರಿಗೆ ನಾವಿಬ್ಬರೂ ಒಂದೇ" ಅಂದಳು.

ನಾಳೆ ಬಸ್ಸಿಗೆ ಹತ್ತಿಸುತ್ತೇನೆ. ಅಂಗಡಿ ಮುಚ್ಚಿದ್ದಕ್ಕೆ ಬರುತ್ತಿದ್ದಾಳೆ ಅಂದುಕೊಳ್ಳಬೇಡ. ಮುಚ್ಚದಿದ್ದರೂ ಬರುತ್ತಿದ್ದಳು.

ಮಾಲಾಯ್

◆

ಆಂಗ್ ಥೊಂಗ್
ಜುಲೈ 23, 2568

ಮಾಲಾಯ್, ಇದನ್ನು ಗಟ್ಟಿಯಾಗಿ ಓದಬೇಡ.

ಫೈಲಿನ್ ಬಂದಳು. ಒಳ್ಳೆಯ ಹುಡುಗಿ. ತಾಳ ತಪ್ಪುವುದಿಲ್ಲ, ಊಟಕ್ಕೆ ತಕರಾರಿಲ್ಲ, ಜುಕ್‌ನ ಜೋಕಿಗೆ ಬೇಕಾದಾಗ ನಗುತ್ತಾಳೆ, ಬೇಡವಾದಾಗ ನಗುವುದಿಲ್ಲ. ಪೀಠದ ಮುಂದೆ ದಿನಾ ಕುಳಿತುಕೊಳ್ಳುತ್ತಿದ್ದಳು. ರನಾತಿನಿಂದ ಒಂದು ಕೈಯಳತೆ ದೂರ. ಮುಟ್ಟುತ್ತಿರಲಿಲ್ಲ.

ಮೊನ್ನೆ ಸಂಜೆ ನಾನು ಮುಖಕ್ಕೆ ಬಣ್ಣ ಹಚ್ಚಿಕೊಂಡು, ಕಿರೀಟವೊಂದು ಬಾಕಿ, ಆ ಕಡೆ ಹೋದೆ. ಅವಳು ಬೆನ್ನು ಮಾಡಿ ಕುಳಿತಿದ್ದಳು. ಬಲಗೈಯ ಹೆಬ್ಬೆರಳಿನಿಂದ ಎಡ ಅಂಗೈಯಲ್ಲಿ ಏನನ್ನೋ ಉಜ್ಜಿ ಉಜ್ಜಿ ಉಂಡೆ ಮಾಡುತ್ತಿದ್ದಳು. ಕಪ್ಪಗೆ, ನುಣ್ಣಗೆ. ಗಾಂಜಾ ಅಂಗಡಿಯವರು ಹೇಗೆ ಉಂಡೆ ಕಟ್ಟುತ್ತಾರೆಂದು ನಾನು ಫೋನಿನಲ್ಲಿ ನೋಡಿದ್ದೇನೆ. ಅದೇ ಕೈ.

"ಏನೇ ಅದು?" ಅಂದೆ. ನನ್ನ ದನಿ ನಿನಗೆ ಗೊತ್ತಲ್ಲ, ಬಯಲಿನ ಆ ತುದಿಯ ಐಸ್ ಮಾರುವವನೂ ತಿರುಗಿದ.

"ಮೇಣ, ಮಾವ."

"ಯಾರಿಗೆ ನಾಟಕ ಕಲಿಸ್ತಿದೀಯ? ನಂಗೆ? ಗುರುಪೀಠದ ಮುಂದೆ ಕೂತ್ಕೊಂಡು ಈ ಕೆಲಸಾನ?"

"ಮೇಣ ಮಾವ. ಮೂಸಿ ನೋಡಿ."

ನಾನು ಮೂಸಲಿಲ್ಲ. ಅವಳ ಚೀಲ ತೆರೆಯಲು ಜುಕ್‌ಗೆ ಹೇಳಿದೆ. ಅವನು, "ಯಜಮಾನ್ರೇ, ಹೆಣ್ಮಗಳ ಚೀಲ…" ಅಂದ. ತೆರೆಯೋ ಅಂದೆ. ತೆರೆದ. ಬಾಚಣಿಗೆ, ಬಸ್ಸಿನ ಟಿಕೆಟು, ಮೂಗಿಗೆ ಹಿಡಿಯುವ ಕರ್ಪೂರದ ಕೊಳವೆ. ಮತ್ತೊಂದು ಡಬ್ಬಿ. ಡಬ್ಬಿಯ ತುಂಬ ಕಪ್ಪು ಮುದ್ದೆ.

ಮೇಳವೆಲ್ಲ ಸುತ್ತ ನಿಂತಿತ್ತು. ನಿನ್ನ ಮಗಳು ನನ್ನ ಮುಖವನ್ನೇ ನೋಡುತ್ತ ಎದ್ದು, ಜುಕ್‌ನ ಜೇಬಿನಿಂದ ಲೈಟರ್ ತೆಗೆದುಕೊಂಡು, ಅಂಗೈಯ ಉಂಡೆಯನ್ನು ಬೆರಳ ತುದಿಯಲ್ಲಿ ಎತ್ತಿ ಅದರ ಕೆಳಗೆ ಉರಿ ಹಿಡಿದಳು. ಅದು ಮೆತ್ತಗಾಯಿತು, ಹೊಳೆಯಿತು, ಒಂದು ಹನಿ ಅವಳ ಪಾದದ ಮೇಲೆ ಬಿತ್ತು. ಜೇನಿನ ವಾಸನೆ ಬಂತು. ಬಣ್ಣದ ವಾಸನೆ, ಬೆವರಿನ ವಾಸನೆ, ಎಲ್ಲದರ ಮೇಲೆ ಬರೀ ಜೇನು. ನಾನು ಹುಟ್ಟಿ ಬೆಳೆದ ಲಾರಿಯ ವಾಸನೆ ಅದು.

"ತಾತನ ಕೈಗೂ ಅವತ್ತು ಯಾರಾದ್ರೂ ಒಂದು ಲೈಟರ್ ಕೊಟ್ಟಿದ್ರೆ ಚೆನ್ನಾಗಿರ್ತಿತ್ತು, ಅಲ್ವ ಮಾವ" ಅಂದಳು. ದನಿ ಏರಿಸಲಿಲ್ಲ.

ಮೇಣ ಕಲಸುವುದನ್ನು ನೀನು ಕಲಿಸಿದೆಯಂತೆ. ಉಂಡೆ ಕಟ್ಟುವ ಕೈ ಮಾತ್ರ ಅಂಗಡಿಯದು. ಹೂವು ಬಿಡಿಸಿ ಬಿಡಿಸಿ ಬೆರಳಿಗೆ ಹತ್ತಿದ ಅಂಟನ್ನು ಹಾಗೇ ಉಜ್ಜಿ ತೆಗೆಯುತ್ತಿದ್ದರಂತೆ. ಎಂದಾದರೂ ಮಾವ ಮುಖವಾಡ ಇಳಿಸಿದರೆ, ಆ ಕೊನೆಯ ಹಲಗೆಗೆ ತಕ್ಷಣ ಅಂಟಿಸಲು ತಯಾರಿರಲಿ ಎಂದು ದಿನಾ ಒಂದೊಂದು ಮಾಡಿಡುತ್ತಿದ್ದಳಂತೆ.

ಅಂದು ನಾನು ರಾಜನ ಅಪ್ಪನಾಗಿ ರಂಗಕ್ಕೆ ಹೋದೆ. ಮಾತು ಬರಲಿಲ್ಲ. ಜನ ಅದನ್ನು ಅಭಿನಯವೆಂದುಕೊಂಡು ಚಪ್ಪಾಳೆ ತಟ್ಟಿದರು.

ಚಮ್ರತ್

◆

ನಖೊನ್ ಫನೊಂ
ಜುಲೈ 30, 2568

ಅಣ್ಣ,

"ಗಟ್ಟಿಯಾಗಿ ಓದಬೇಡ" ಎಂಬ ಸಾಲನ್ನೂ ಗಟ್ಟಿಯಾಗಿಯೇ ಓದಿದೆನಂತೆ. ತಲೆಯೆತ್ತಿ ನೋಡಿದಾಗ ಮೇಷ್ಟ್ರು ಕನ್ನಡಕ ಒರೆಸುತ್ತಿದ್ದರು. ಕಿಂಪಾ ಎದ್ದು ಒಲೆಯ ಉರಿ ಸಣ್ಣ ಮಾಡಿದಳು.  

ಗುರುವಂದನೆಗೆ ಬರುತ್ತಿದ್ದೇನೆ. ಕೋಳಿ ಅಲ್ಲೇ ತರಿಸು. ಮಜ್ಜಿಗೆ ಹುಲ್ಲು, ಎಲೆ ನಾನು ತರುತ್ತೇನೆ.

ಮಾಲಾಯ್

◆

ಆಂಗ್ ಥೊಂಗ್
ಆಗಸ್ಟ್ 6, 2568, ಬುಧವಾರ ಸಂಜೆ

ಅಡುಗೆ ಚಪ್ಪರದ ಮಹಾಜನರೇ. ಈರುಳ್ಳಿ ಹೆಚ್ಚುತ್ತಿರುವ ರಾಜಕುಮಾರಿಯೇ, ಕೋಳಿ ತರಿಯುತ್ತಿರುವ ಯಕ್ಷನೇ, ಕೆಲಸ ಮಾಡುವ ಹಾಗೆ ನಟಿಸುತ್ತಿರುವ ಜುಕ್‌ನೇ, ಒಲೆಯ ಮುಂದೆ ಬೆನ್ನು ಮಾಡಿ ಕುಳಿತಿರುವ ಫೈಲಿನ್, ಎಲ್ಲರೂ ಕೇಳಿ. ಈಗ ನನ್ನ ತಂಗಿ ಈ ಪತ್ರ ಓದುತ್ತಾಳೆ. ಬೇಡವೆಂದರೂ ನಿಮಗೆಲ್ಲ ಕೇಳಿಸುತ್ತದೆ. ಕೇಳಿಸಲೆಂದೇ ಬರೆದಿದ್ದೇನೆ.

ಮಾಲಾಯ್, ನೀನು ನನ್ನಿಂದ ಹತ್ತು ಮಾರು ದೂರದಲ್ಲಿ ಮಜ್ಜಿಗೆ ಹುಲ್ಲು ಜಜ್ಜುತ್ತಿದ್ದೀ. ನಿನ್ನೆ ಬಸ್ಸಿನಿಂದ ಇಳಿದಾಗಿನಿಂದ ನಾವು ಆಡಿದ್ದು, "ಉಂಡ್ಯಾ?" "ಉಂಡೆ" ಅಷ್ಟೆ. ಎದುರಿಗೆ ನಿಂತು ಹೇಳಲು ಕೂಗಬೇಕು, ಕೂಗಿ ಹೇಳುವ ಮಾತಲ್ಲ ಇದು. ಅದಕ್ಕೇ ಮೇಳದ ಚಾಪೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ.

ಇಂದು ಮಧ್ಯಾಹ್ನ ಅಪ್ಪ ಬಂದ. ಲಾರಿಯ ನೆರಳಿನಲ್ಲಿ, ವೇಷದ ಬಟ್ಟೆಗಳ ಬಣ್ಣದ ಬಿಸಿಲಿನಲ್ಲಿ, ನೆಲವೆಲ್ಲ ತೆಳುವಾದ ನೀರು. ರನಾತ್ ನಿಜವಾಗಿಯೂ ದೋಣಿಯಾಗಿ ತೇಲುತ್ತಿತ್ತು. ಅಪ್ಪ ಬಾರಿಸುತ್ತ ಬಂದ, ಸದ್ದಿಲ್ಲದೆ, ಮೇಲಿನಿಂದ ಕೆಳಕ್ಕೆ, ಎಡಗಡೆಯ ಕೊನೆಯ ಹಲಗೆಯವರೆಗೆ. ಅಲ್ಲಿ ನಿಲ್ಲಿಸಿ ತಲೆಯೆತ್ತಿದ. ಈ ಸಲ ನಾಯಿ ಬೊಗಳಲಿಲ್ಲ. ಅಥವಾ ಬೊಗಳಿದರೂ ನಾನು ಏಳಲಿಲ್ಲ.

"ಏನು ಬೇಕಪ್ಪ?" ಅಂದೆ. ಸೊಪ್ಪು ಎನ್ನುತ್ತಾನೆಂದು ಕಾದೆ.

"ಮೇಣ ಎಲ್ಲಿಟ್ಟೆ ಮಗಾ?" ಅಂದ.

ಅಷ್ಟೇ ಕೇಳಿದ್ದು. ಇಷ್ಟು ವರ್ಷ ನಾನು ಅವನ ಮುಂದೆ ಸೊಪ್ಪು ಇಡಲಾರೆ ಎಂದು ಹಠ ಹಿಡಿದೆ, ನೀನು ಇಡಲೇಬೇಕೆಂದು ಹಠ ಹಿಡಿದು ಬರುವುದು ಬಿಟ್ಟೆ. ಅವನು ಕೈ ಚಾಚಿಕೊಂಡು ಕಾಯುತ್ತಿದ್ದದ್ದು ತನ್ನ ಡಬ್ಬಿಗೆ. ಆ ಕೈಗೆ ಮೇಣ ಕೊಟ್ಟು, "ಇದು ಮೇಣವೇ ಅಪ್ಪ, ಎಲ್ಲರಿಗೂ ಗೊತ್ತು" ಎಂದು ನಮ್ಮಲ್ಲಿ ಯಾರೂ ಹೇಳಿರಲಿಲ್ಲ.

ಶಾಲೆಯ ದಾರಿಯಲ್ಲಿ ಹಸಿರು ದೀಪ ಬೇಡ ಎಂಬ ಮಾತನ್ನು ನಾನು ನುಂಗುವವನಲ್ಲ. ಕತ್ತಿಯನ್ನು ಮಲಗಿಸಿಕೊಂಡು ಹುಳು ನೋಡುವ ರಾಜಕುಮಾರನಿಗೆ ನನ್ನ ಮೇಳದಲ್ಲಿ ಜಾಗವೂ ಇಲ್ಲ. (ಅಲ್ಲೇ ಬಾವಿಯ ಹತ್ತಿರ ನಿಂತಿದ್ದೀಯಲ್ಲ, ನಿನಗೇ ಹೇಳಿದ್ದು.) ಆದರೆ ಕಪ್ಪಗಿರುವುದನ್ನೆಲ್ಲ ಮೂಸದೆ ಹಿಡಿಯುವ ಕಣ್ಣು ಇದೆಯಲ್ಲ, ಅದು ನನ್ನ ಮುಖದಲ್ಲೇ ಇತ್ತು. ಕಾನೂನು ತೆರೆದರೂ ಮುಚ್ಚಿದರೂ ಅದು ಹಾಗೇ ಇರುತ್ತದೆ, ನಾನು ತೆಗೆದು ಹಾಕುವವರೆಗೆ.

ಸಾರು ಅಪ್ಪನ ಮುಂದೆ ಬಟ್ಟಲಿನಲ್ಲಿ ಇಡೋಣ. ಅದರಲ್ಲಿ ಏನು ಹಾಕಿದ್ದೀಯೆಂದು ನಾನು ಇಣುಕುವುದಿಲ್ಲ. ಅದು ಸಾರು, ಸಾರು ಬೇರೆ.

ಫೈಲಿನ್, ನಿನ್ನ ಮಾವ ನಿನ್ನ ಚೀಲ ತೆಗೆಸಿದ್ದು ಎಲ್ಲರೆದುರು. ಅದಕ್ಕೆ ತಲೆ ಬಾಗಿಸುವುದೂ ಎಲ್ಲರೆದುರೇ ಆಗಲಿ. ಆ ಡಬ್ಬಿಯಿಂದ ಒಂದು ಮುದ್ದೆ ನನಗೆ ಬೇಕು. ಆರಿಸಿಕೊಡುವವಳು ನೀನು. ಕೊಡಲು ಇಷ್ಟವಿಲ್ಲದಿದ್ದರೆ ಈಗಲೇ ಹೇಳು. ನಿಮ್ಮಮ್ಮನಿಗೆ ಕೇಳಿಸದಿದ್ದರೂ ನನಗೆ ಕೇಳಿಸುತ್ತದೆ.

ಮಾಲಾಯ್, ಆ ಹಲಗೆಯ ಸದ್ದು ನಿನ್ನ ಕಿವಿಗೆ ತಲುಪದು. ಪಕ್ಕದಲ್ಲಿ ಕೂತು ರನಾತಿನ ಒಡಲಿನ ಮೇಲೆ ಅಂಗೈ ಇಡು. ಸಣ್ಣವಳಿದ್ದಾಗ ನಿದ್ದೆ ಬಾರದ ದಿನ ಹಾಗೇ ಇಟ್ಟುಕೊಂಡು ಮಲಗುತ್ತಿದ್ದೆಯಲ್ಲ.

ನಾಳೆ ಗುರುವಾರ. ಬೆಳಗ್ಗೆ ಭಿಕ್ಷುಗಳು ಉಂಡು ಎದ್ದ ಮೇಲೆ, ಊರಿನವರೂ ಠಾಣೆಯವರೂ ಚಾಪೆಯ ಮೇಲೆ ಬಂದು ಕುಳಿತ ಮೇಲೆ, ನಾನು ಪೀಠದ ದೀಪಕ್ಕೆ ಮೇಣ ಹಿಡಿದು ಅದರ ವಾಸನೆ ಕೊನೆಯ ಸಾಲಿನವರೆಗೆ ಹೋಗುವಷ್ಟು ಹೊತ್ತು ಕರಗಿಸುತ್ತೇನೆ. ಆಮೇಲೆ ಮುದಿ ಋಷಿಯ ಮುಖವಾಡವನ್ನು ಎರಡೂ ಕೈಯಲ್ಲಿ ಎತ್ತಿ ಫೈಲಿನ್‌ಳ ತಲೆಗೆ ಇಳಿಸುತ್ತೇನೆ, ಎಡಗಡೆಯ ಕೊನೆಯ ಹಲಗೆಯನ್ನು ತಿರುಗಿಸಿ ಅವಳ ಮುಂದೆ ಹಿಡಿಯುತ್ತೇನೆ.

ಚಮ್ರತ್